ಕಡಲ ಯುದ್ಧದಿಂದ ತೋಟಕ್ಕೆ ಮರಳಿದವರು

ಹಾಸನ ಜಿಲ್ಲೆಗೆ ಸಮುದ್ರವಿಲ್ಲ. ಚನ್ನರಾಯಪಟ್ಟಣದವರಿಗೆ ದೊಡ್ಡ ನೀರೆಂದರೆ ಊರ ಕೆರೆ, ಹೊಳೆನರಸೀಪುರದವರಿಗೆ ಹೇಮಾವತಿ, ಅರಕಲಗೂಡಿನವರಿಗೆ ರಾಮನಾಥಪುರದ ಕಾವೇರಿ. ಘಟ್ಟವಿಳಿದು ಮಂಗಳೂರು ಸೇರುವವರೆಗೆ ನಮಗೆ ಕಡಲು ಕಾಣದು. ಆದುದರಿಂದ ಯುದ್ಧವೆಂದರೆ ನಾವು ಗಡಿ, ಬೆಟ್ಟ, ಬಂದೂಕು ಎಂದು ಯೋಚಿಸುವುದೇ ಹೆಚ್ಚು. ಊರಿಗೊಬ್ಬ ‘ಮಿಲಿಟ್ರಿ’ಯವರಿದ್ದರೆ ಅವರು ಭೂಸೈನ್ಯದವರೇ ಇರಬೇಕೆಂದು ತಿಳಿಯುತ್ತೇವೆ.

ನಮ್ಮ ಸಂಘದ ಸದಸ್ಯರ ಪಟ್ಟಿಯನ್ನು ಈಚೆಗೆ ಪರಿಷ್ಕರಿಸುವಾಗ, ಹಿಂದಿನ ಉದ್ಯೋಗ ಎಂಬ ಕಲಮಿನಲ್ಲಿ ‘ನೌಕಾದಳ’ ಎಂದು ಬರೆದಿದ್ದ ಮೂರು ಮನೆಗಳು ನಮಗೆ ಸಿಕ್ಕವು. ಎರಡು ಮನೆಗಳಲ್ಲಿ ಹಡಗಿನಲ್ಲಿ ದುಡಿದವರೇ ಇದ್ದಾರೆ. ಮೂರನೆಯದರಲ್ಲಿ ಅವರ ಪೆಟ್ಟಿಗೆ ಮಾತ್ರ ಉಳಿದಿದೆ. ಈ ಮೂರು ಮನೆಗಳ ವಿಷಯವನ್ನೂ, ಕಡಲಿನ ಯುದ್ಧಕ್ಕೂ ನಮ್ಮ ಕಸುಬಿಗೂ ಇರುವ ಹಳೆಯ ನಂಟನ್ನೂ ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ. ಹೆಸರು ಹಾಕುವುದು ಬೇಡವೆಂದು ಮೂರು ಮನೆಯವರೂ ಕೇಳಿಕೊಂಡಿರುವುದರಿಂದ ಹೆಸರುಗಳನ್ನು ಬಿಟ್ಟಿದ್ದೇವೆ.

ಹಡಗು ನಿಂತಾಗ ಕಣದಲ್ಲಿ ಉಳಿದ ಕಾಫಿ

ಕಡಲ ಯುದ್ಧ ನಮಗೆ ದೂರದ್ದೆಂದು ತಿಳಿಯುವವರು 1940ನೆಯ ಇಸವಿಯನ್ನು ನೆನೆಯಬೇಕು. ಅಲ್ಲಿಯವರೆಗೆ ನಮ್ಮ ಬೆಟ್ಟಗಳ ಕಾಫಿಗೆ ಯೂರೋಪೇ ಮುಖ್ಯ ಗಿರಾಕಿ. 1939ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಹತ್ತಿತು. ಜರ್ಮನಿಯ ಸಬ್‌ಮೆರೀನುಗಳು ವ್ಯಾಪಾರದ ಹಡಗುಗಳನ್ನು ಮುಳುಗಿಸತೊಡಗಿದವು. ಉಳಿದ ಹಡಗುಗಳಲ್ಲಿ ಸೈನ್ಯಕ್ಕೆ ಬೇಕಾದ ಸಾಮಾನಿಗೆ ಮೊದಲ ಸ್ಥಳ, ಕಾಫಿಗೆ ಕಡೆಯದು. ಯೂರೋಪಿನ ಮಾರುಕಟ್ಟೆಗಳು ಒಂದರ ಹಿಂದೊಂದು ಮುಚ್ಚಿದವು. ಬೆಳೆದ ಕಾಫಿಗೆ ಕೊಳ್ಳುವವರಿಲ್ಲದೆ ಬೆಲೆ ಕುಸಿಯಿತು.

ಇದಕ್ಕೆ ಪರಿಹಾರವಾಗಿ ಸರ್ಕಾರವು 1940ರಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಕಾಫಿ ಮಾರುಕಟ್ಟೆಯನ್ನು ಒಂದು ಮಂಡಳಿಯ ಕೈಗಿತ್ತಿತು. 1942ರಲ್ಲಿ ಅದೇ ಕಾಯಿದೆಯಾಯಿತು. ಮನೆಬಳಕೆಗೂ ಬಿತ್ತನೆಗೂ ಇಟ್ಟುಕೊಂಡು ಮಿಕ್ಕ ಕಾಫಿಯನ್ನೆಲ್ಲ ಪೂಲಿಗೆ ಕೊಡುವುದು, ಮಂಡಳಿಯು ಮಾರಿದಂತೆ ಬೆಳೆಗಾರನಿಗೆ ಕಂತುಕಂತಾಗಿ ಹಣ ಬರುವುದು, ಈ ಪದ್ಧತಿ ಹುಟ್ಟಿದ್ದು ಹೀಗೆ. ಪೂಲಿನ ಗುಣದೋಷಗಳನ್ನು ಕುರಿತು ನಮ್ಮ ಸಭೆಗಳಲ್ಲಿ ಸಾಕಷ್ಟು ಜಗಳವಾಡಿದ್ದಾಗಿದೆ. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಅದು ಕೊನೆಯಾಯಿತು. ಆದರೆ ಐವತ್ತು ವರ್ಷಕ್ಕೂ ಮೇಲ್ಪಟ್ಟು ನಮ್ಮ ತಂದೆ, ತಾತಂದಿರ ವರಮಾನವನ್ನು ನಡೆಸಿದ ಒಂದು ವ್ಯವಸ್ಥೆ, ಅವರು ಕಣ್ಣಿಂದಲೂ ಕಾಣದ ಅಟ್ಲಾಂಟಿಕ್ ಕಡಲಿನ ಯುದ್ಧದಿಂದ ಹುಟ್ಟಿದ್ದೆಂಬುದನ್ನು ಎಳೆಯ ಬೆಳೆಗಾರರು ತಿಳಿದಿರಬೇಕು.

ಆ ಯುದ್ಧದಲ್ಲಿ ಹಡಗು ನಡೆಸಿದವರಲ್ಲಿ ನಮ್ಮ ದೇಶದವರೂ ಬಹುಮಂದಿ. ಬ್ರಿಟಿಷ್ ವ್ಯಾಪಾರದ ಹಡಗುಗಳ ಬಾಯ್ಲರ್ ಕೋಣೆಗಳಲ್ಲೂ ಡೆಕ್ಕುಗಳಲ್ಲೂ ಭಾರತೀಯ ಖಲಾಸಿಗಳು ಸಾವಿರಗಟ್ಟಲೆ ದುಡಿಯುತ್ತಿದ್ದರು. ಅವಿಭಜಿತ ಭಾರತದ ಆರು ಸಾವಿರಕ್ಕೂ ಹೆಚ್ಚು ನಾವಿಕರು ಆ ಯುದ್ಧದಲ್ಲಿ ಕಡಲಿನ ಪಾಲಾದರು. ಅವರಲ್ಲಿ ಬಹುಪಾಲು ಸಮವಸ್ತ್ರವಿಲ್ಲದ ವ್ಯಾಪಾರದ ಹಡಗಿನವರು. ನೀರಿನಲ್ಲಿ ಹೋದವರಿಗೆ ಗೋರಿಯಿಲ್ಲವಷ್ಟೆ. ಅವರ ಸ್ಮಾರಕವೆಂದರೆ ಹೆಸರುಗಳನ್ನು ಬರೆದ ಪುಸ್ತಕ. ಅದರ ಒಂದು ಪ್ರತಿ ಮುಂಬಯಿಯಲ್ಲಿಯೂ ಇನ್ನೊಂದು ಬಾಂಗ್ಲಾದೇಶದ ಚಿತ್ತಗಾಂಗಿನಲ್ಲಿಯೂ ಇವೆ.

‘ಮೈಸೂರು’ ಎಂಬ ಹಡಗು

ನಮ್ಮ ನಾಡಿನ ಹೆಸರು ಹೊತ್ತ ಯುದ್ಧನೌಕೆಯೊಂದಿತ್ತೆಂಬುದು ಅನೇಕರಿಗೆ ಹೊಸ ಸಂಗತಿಯಾಗಬಹುದು. ಐ.ಎನ್.ಎಸ್. ಮೈಸೂರು ಮೊದಲು ಬ್ರಿಟಿಷರ ‘ನೈಜೀರಿಯಾ’ ಎಂಬ ಕ್ರೂಸರ್ ಆಗಿತ್ತು. 1942ರ ಆಗಸ್ಟಿನಲ್ಲಿ, ಮುತ್ತಿಗೆಗೆ ಸಿಕ್ಕಿದ್ದ ಮಾಲ್ಟಾ ದ್ವೀಪಕ್ಕೆ ಆಹಾರ ಮತ್ತು ಎಣ್ಣೆ ಒಯ್ಯುವ ಹಡಗುಗಳಿಗೆ ಕಾವಲಾಗಿ ಹೋದಾಗ, ಇಟಲಿಯ ಸಬ್‌ಮೆರೀನೊಂದು ಅದಕ್ಕೆ ಟಾರ್ಪೆಡೊ ಹೊಡೆಯಿತು. ಐವತ್ತಕ್ಕೂ ಹೆಚ್ಚು ನಾವಿಕರು ಸತ್ತರೂ ಹಡಗು ಮುಳುಗಲಿಲ್ಲ. ರಿಪೇರಿಯಾದ ಮೇಲೆ ಅದು ನಮ್ಮ ಹಿಂದೂ ಮಹಾಸಾಗರದಲ್ಲೇ ಜಪಾನಿನ ವಿರುದ್ಧ ಕೆಲಸ ಮಾಡಿತು. 1954ರಲ್ಲಿ ಭಾರತ ಅದನ್ನು ಕೊಂಡಿತು. 1957ರ ಆಗಸ್ಟ್ 29ರಂದು ‘ಮೈಸೂರು’ ಎಂಬ ಹೆಸರಿನಲ್ಲಿ ಅದು ನಮ್ಮ ನೌಕಾದಳಕ್ಕೆ ಸೇರಿತು. ಅದರ ಲಾಂಛನ ನಮ್ಮ ಗಂಡಭೇರುಂಡ.

ಈ ಹಡಗು ಕನ್ನಡ ನಾಡಿನ ದಂಡೆಗೆ ಅತಿ ಸಮೀಪದಲ್ಲಿ ಕಾದಿದ್ದು 1961ರಲ್ಲಿ. ಕಾರವಾರದ ದಡದಾಚೆ ಅಂಜದೀವ್ ಎಂಬ ಚಿಕ್ಕ ದ್ವೀಪವಿದೆ. ಗೋವಾದೊಡನೆ ಅದೂ ಪೋರ್ಚುಗೀಸರ ವಶದಲ್ಲಿತ್ತು. 1961ರ ನವೆಂಬರಿನಲ್ಲಿ ದ್ವೀಪದ ಸೈನಿಕರು ಪಕ್ಕದಲ್ಲಿ ಹೋಗುತ್ತಿದ್ದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆ ಆರಂಭವಾದಾಗ, ದ್ವೀಪವನ್ನು ಹಿಡಿಯುವ ಕೆಲಸ ‘ಮೈಸೂರು’ ಮತ್ತು ‘ತ್ರಿಶೂಲ್’ ಹಡಗುಗಳ ಪಾಲಿಗೆ ಬಂದಿತು. ದಡಕ್ಕಿಳಿದ ನಾವಿಕರ ತಂಡದ ಮೇಲೆ ಒಳಗಿನಿಂದ ಗುಂಡಿನ ಮಳೆ ಸುರಿಯಿತು. ನಮ್ಮ ಏಳು ಮಂದಿ ಸತ್ತರು, ಹತ್ತೊಂಬತ್ತು ಮಂದಿ ಗಾಯಗೊಂಡರು. ಹಡಗಿನ ಫಿರಂಗಿಗಳ ಆಸರೆಯಿಂದ ಮರುದಿನ ದ್ವೀಪ ವಶವಾಯಿತು. ಇಂದು ಆ ದ್ವೀಪ ಕಾರವಾರದ ಸೀಬರ್ಡ್ ನೌಕಾನೆಲೆಯ ಆವರಣಕ್ಕೆ ಸೇರಿದೆ. ಸುಗ್ಗಿ ಮುಗಿಸಿ ಗೋಕರ್ಣಕ್ಕೂ ಕಾರವಾರಕ್ಕೂ ಹೋಗುವ ನಮ್ಮ ಸದಸ್ಯರು ಕಡಲ ಕಡೆ ನೋಡುವಾಗ ಆ ಏಳು ಮಂದಿಯನ್ನು ನೆನೆದರೆ ಒಳ್ಳೆಯದು.

ಬಾಯ್ಲರ್ ಕೋಣೆಯ ನೆನಪು

ಇದೇ ‘ಮೈಸೂರು’ ಹಡಗು 1971ರ ಡಿಸೆಂಬರಿನ ಯುದ್ಧದಲ್ಲಿ ಪಶ್ಚಿಮ ನೌಕಾಪಡೆಯ ಧ್ವಜನೌಕೆ. ಪಡೆಯ ಮುಖ್ಯಾಧಿಕಾರಿ ರಿಯರ್ ಅಡ್ಮಿರಲ್ ಕುರುವಿಲ್ಲ ಅವರು ಇದರಲ್ಲಿಯೇ ಇದ್ದರು. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಸದಸ್ಯರೊಬ್ಬರು, ಈಗ ಎಪ್ಪತ್ತೈದು ದಾಟಿದವರು, ಆಗ ಅದರ ಬಾಯ್ಲರ್ ಕೋಣೆಯಲ್ಲಿದ್ದರು. ಎಸ್.ಎಸ್.ಎಲ್.ಸಿ. ಮುಗಿಸಿ ಬೆಂಗಳೂರಿನಲ್ಲಿ ಭರ್ತಿಯಾಗಿ, ಲೋನಾವಳದ ಐ.ಎನ್.ಎಸ್. ಶಿವಾಜಿಯಲ್ಲಿ ಎಂಜಿನ್ ಕೆಲಸ ಕಲಿತು, ಹಡಗು ಹತ್ತಿದವರು. ಅವರು ಸಮುದ್ರವನ್ನು ಮೊದಲು ಕಂಡದ್ದು ನೌಕಾದಳಕ್ಕೆ ಸೇರಿದ ಮೇಲೆಯೇ.

ಯುದ್ಧ ಹೇಗಿತ್ತೆಂದು ನಾವು ಕೇಳಿದಾಗ ಅವರು ನಕ್ಕರು. “ಸೆಕ್ರೆಟ್ರಿಗಳೇ, ನಮಗೆ ಯುದ್ಧ ಕಾಣಲೇ ಇಲ್ಲ. ಮೇಲಿನವರು ಆಕಾಶ ನೋಡಿದರು, ನೀರು ನೋಡಿದರು. ನಾವು ನೋಡಿದ್ದು ಮೀಟರಿನ ಮುಳ್ಳು ಒಂದೇ,” ಎಂದರು. ನಾಲ್ಕು ಗಂಟೆಗೊಂದು ಪಾಳಿ. ಕಬ್ಬಿಣದ ಏಣಿ ಹಿಡಿದು ಇಳಿದರೆ ಕೆಳಗೆ ಉರಿಯುವ ಎಣ್ಣೆ, ಕೊತಕೊತನೆ ಕುದಿಯುವ ನೀರು, ಕಿವಿ ತುಂಬುವ ಸದ್ದು. ವೇಗ ಹೆಚ್ಚಿಸಿ ಎಂದು ಮೇಲಿನಿಂದ ಆಜ್ಞೆ ಬಂದರೆ ಹೆಚ್ಚಿಸಬೇಕು, ಏಕೆಂದು ಕೇಳುವಂತಿಲ್ಲ. ಅರ್ಧರಾತ್ರಿಯಲ್ಲಿ ವೇಗ ಹೆಚ್ಚಿದಾಗ ನಾವು ಅಟ್ಟಿಸಿಕೊಂಡು ಹೋಗುತ್ತಿದ್ದೇವೋ, ನಮ್ಮನ್ನೇ ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರೋ ಕೆಳಗಿನವರಿಗೆ ತಿಳಿಯದು. ಹಡಗಿನ ಹೊಟ್ಟೆಗೆ ಟಾರ್ಪೆಡೊ ಬಿದ್ದರೆ ಮೊದಲು ಹೋಗುವವರು ತಾವೇ ಎಂಬುದಂತೂ ಎಲ್ಲರಿಗೂ ತಿಳಿದಿತ್ತು. “ಅದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಏಣಿ ಎಷ್ಟು ಮೆಟ್ಟಿಲು ಎಂದು ಮಾತ್ರ ಎಲ್ಲರೂ ಎಣಿಸಿಟ್ಟುಕೊಂಡಿದ್ದರು.”

ಆ ಯುದ್ಧದ ಗೆಲುವಿನ ಕಥೆ ಎಲ್ಲರಿಗೂ ಗೊತ್ತು. ಡಿಸೆಂಬರ್ 4ರ ರಾತ್ರಿ ‘ನಿಪಾತ್’, ‘ನಿರ್ಘಾತ್’, ‘ವೀರ್’ ಎಂಬ ಮೂರು ಚಿಕ್ಕ ಕ್ಷಿಪಣಿ ದೋಣಿಗಳು ಕರಾಚಿಯ ಬಾಗಿಲಿಗೇ ಹೋಗಿ ಶತ್ರುವಿನ ಹಡಗುಗಳನ್ನು ಮುಳುಗಿಸಿ ಬಂದವು. ಆ ದಿನವನ್ನೇ ನಾವು ಪ್ರತಿವರ್ಷ ನೌಕಾದಿನವೆಂದು ಆಚರಿಸುತ್ತೇವೆ. ಡಿಸೆಂಬರ್ 8ರ ರಾತ್ರಿ ‘ವಿನಾಶ್’ ದೋಣಿಯು ಮತ್ತೆ ಹೋಗಿ ಕರಾಚಿಯ ಎಣ್ಣೆಯ ಟ್ಯಾಂಕುಗಳಿಗೆ ಬೆಂಕಿಯಿಟ್ಟಿತು. ಅದೇ ಜಾತಿಯ, 1976ರಲ್ಲಿ ಸೇವೆಗೆ ಬಂದ ‘ಚಪಲ್’ ದೋಣಿಯನ್ನು ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ಇರಿಸಲಾಗಿದೆ. ಮಕ್ಕಳಿಗೆ ತೋರಿಸತಕ್ಕದ್ದು.

ಆದರೆ ನಮ್ಮ ಸದಸ್ಯರ ನೆನಪು ನಿಲ್ಲುವುದು ಡಿಸೆಂಬರ್ 9ರ ರಾತ್ರಿಯಲ್ಲಿ. ಆ ರಾತ್ರಿ ಗುಜರಾತಿನ ದಕ್ಷಿಣಕ್ಕೆ ದೀವ್ ಬಳಿ ಐ.ಎನ್.ಎಸ್. ಖುಕ್ರಿಯನ್ನು ಪಾಕಿಸ್ತಾನದ ‘ಹಂಗೋರ್’ ಸಬ್‌ಮೆರೀನು ಟಾರ್ಪೆಡೊದಿಂದ ಹೊಡೆಯಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಅದರೊಡನೆ ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ಇತರರನ್ನು ನೀರಿಗಿಳಿಸಿ ತಾವು ಹಡಗನ್ನು ಬಿಡದೆ ನಿಂತರು. ಲೋನಾವಳದಲ್ಲಿ ನಮ್ಮ ಸದಸ್ಯರ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಗೆಳೆಯರೊಬ್ಬರು ಆ ಹಡಗಿನ ಎಂಜಿನ್ ಕಡೆಯವರು. ಸುದ್ದಿ ಬಂದಾಗ ಇವರು ಪಾಳಿ ಮುಗಿಸಿ ಮೇಲೆ ಬಂದಿದ್ದರಂತೆ. “ಅವನಿಗೂ ಏಣಿ ಎಷ್ಟು ಮೆಟ್ಟಿಲೆಂದು ಗೊತ್ತಿತ್ತು,” ಎಂದಷ್ಟೇ ಹೇಳಿ ಅವರು ಸುಮ್ಮನಾದರು. ನಾವೂ ಮುಂದೆ ಕೇಳಲಿಲ್ಲ.

ಹದಿನೈದು ವರ್ಷ ಸೇವೆ ಮುಗಿಸಿ ಪಿಂಚಣಿಯೊಡನೆ ಅವರು ಊರಿಗೆ ಬಂದರು. ಹೇಮಾವತಿ ನಾಲೆಯ ನೀರು ಅವರ ಕಡೆಗೆ ಬರುವ ಮೊದಲೇ ಆ ಜಮೀನಿನಲ್ಲಿ ಒಂದು ಬಾವಿಯಿತ್ತು. ಅದನ್ನು ಅವರ ತಂದೆ ತೋಡಿಸಿದ್ದು ಹಡಗಿನಿಂದ ತಿಂಗಳು ತಿಂಗಳು ಬಂದ ಮನಿಯಾರ್ಡರ್ ಹಣದಲ್ಲಿ. ಇಂದಿನ ಅವರ ಅಡಿಕೆ ತೋಟದ ಹಳೆಯ ಸಾಲುಗಳು ಆ ಬಾವಿಯ ನೀರು ಕುಡಿದು ಬೆಳೆದವು. ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ಈಗಲೂ ಅವರೇ ಕೂರುತ್ತಾರೆ. ಉರಿ ಹದವಾಗಿಡುವುದನ್ನು ಮಕ್ಕಳಿಗೆ ಬಿಟ್ಟುಕೊಟ್ಟಿಲ್ಲ.

ಹೋದವನ್ನೂ ಬಂದವನ್ನೂ ಎಣಿಸಿದವರು

ಎರಡನೆಯವರು ಅರಕಲಗೂಡು ಕಡೆಯ ಕಾಫಿ ಬೆಳೆಗಾರರು. ಇವರು ಪೂರ್ವದ ಕಡಲಿನಲ್ಲಿ, ವಿಮಾನಗಳನ್ನು ಹೊತ್ತ ‘ವಿಕ್ರಾಂತ’ದಲ್ಲಿದ್ದವರು. ಡೆಕ್ಕಿನ ಮೇಲೆ ವಿಮಾನಗಳನ್ನು ತಳ್ಳಿ, ತಿರುಗಿಸಿ, ಸಾಲುಗೊಳಿಸುವುದು ಇವರ ಕೆಲಸ. ಆ ವರ್ಷ ‘ವಿಕ್ರಾಂತ’ದ ಬಾಯ್ಲರೊಂದರಲ್ಲಿ ಬಿರುಕು ಬಿಟ್ಟು, ಪೂರ್ಣ ವೇಗದಲ್ಲಿ ಓಡುವಂತಿರಲಿಲ್ಲ. ಅದೇ ಸ್ಥಿತಿಯಲ್ಲಿ ಅದನ್ನು ಬಂಗಾಳ ಕೊಲ್ಲಿಗೆ ಒಯ್ದರು. ಯುದ್ಧಕ್ಕೆ ಮೊದಲು ಅದು ಅಂಡಮಾನಿನ ಉತ್ತರಕ್ಕೆ ಪೋರ್ಟ್ ಕಾರ್ನ್‌ವಾಲಿಸ್ ಎಂಬಲ್ಲಿ ಮರೆಯಾಗಿ ನಿಂತಿತ್ತು. ನೀರಿನಂಚಿನವರೆಗೂ ಒತ್ತಾಗಿ ಬೆಳೆದ ಕಾಡು, ಸದಾ ಜಿನುಗುವ ಮಳೆ. “ಕಣ್ಣು ಮುಚ್ಚಿ ತೆರೆದರೆ ಸಕಲೇಶಪುರದ ಘಾಟಿಯಲ್ಲಿದ್ದೇನೋ ಅನ್ನಿಸುತ್ತಿತ್ತು,” ಎಂದು ಅವರು ನೆನೆಯುತ್ತಾರೆ.

ಡಿಸೆಂಬರ್ 4ರಂದು ‘ವಿಕ್ರಾಂತ’ದಿಂದ ಸೀಹಾಕ್ ವಿಮಾನಗಳು ಹಾರಿ ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಅಂದಿನಿಂದ ಹಗಲೆಲ್ಲ ಡೆಕ್ಕಿನವರಿಗೆ ಒಂದೇ ಕೆಲಸ: ಹೋದವನ್ನು ಎಣಿಸುವುದು, ಬಂದವನ್ನು ಎಣಿಸುವುದು. “ಸಂಜೆ ಕೊಟ್ಟಿಗೆಗೆ ದನ ಬರುವಾಗ ಅವ್ವ ಎಣಿಸುತ್ತಿದ್ದಳಲ್ಲ, ಹಾಗೆ. ಒಂದು ತಡವಾದರೆ ಅನ್ನ ಸೇರುತ್ತಿರಲಿಲ್ಲ,” ಎನ್ನುತ್ತಾರೆ ಅವರು. ಕಡಲ ದಾರಿ ಮುಚ್ಚಿದ್ದರಿಂದ ಪೂರ್ವ ಪಾಕಿಸ್ತಾನದ ಸೈನ್ಯಕ್ಕೆ ನೀರಿನ ಮೂಲಕ ನೆರವೂ ಬರಲಿಲ್ಲ, ಹೊರಬೀಳುವ ಹಾದಿಯೂ ಉಳಿಯಲಿಲ್ಲ. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿಯಾಯಿತು. ಆ ವಿಷಯ ಹೇಳುವಾಗ ಅವರ ದನಿ ಏರಲಿಲ್ಲ. ಊರಿಗೆ ಬರೆದ ಕಾಗದಗಳು ತಡವಾಗಿ ತಲುಪಿ, ಮಗ ಬದುಕಿದ್ದಾನೋ ಇಲ್ಲವೋ ತಿಳಿಯದೆ ತಾಯಿ ಆ ತಿಂಗಳೆಲ್ಲ ಒಪ್ಪೊತ್ತು ಮಾಡಿದ್ದನ್ನು ಹೇಳುವಾಗ ಮಾತ್ರ ಮಾತು ತಡೆಯಿತು.

ಆ ‘ವಿಕ್ರಾಂತ’ 1997ರಲ್ಲಿ ನಿವೃತ್ತಿಯಾಗಿ, 2014ರಲ್ಲಿ ಗುಜರಿಗೆ ಹೋಯಿತು. ಅದೇ ಹೆಸರಿನ ಹೊಸ ಹಡಗು 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿದೆ. ಹಳೆಯ ‘ಮೈಸೂರು’ 1985ರಲ್ಲಿ ನಿವೃತ್ತಿ ಹೊಂದಿತು. ಆ ಹೆಸರನ್ನು 1999ರಿಂದ ಬೇರೊಂದು ಹಡಗು ಹೊತ್ತಿದೆ. ಹಡಗಿನ ಹೆಸರು ಹೊಸ ಹಡಗಿಗೆ ದಾಟುತ್ತದೆ. ಅದರಲ್ಲಿ ದುಡಿದವರ ನೆನಪು ತಾನಾಗಿ ದಾಟುವುದಿಲ್ಲ.

ಮಾತನಾಡದ ಪೆಟ್ಟಿಗೆ

ಮೂರನೆಯ ಮನೆ ಹೊಳೆನರಸೀಪುರ ತಾಲ್ಲೂಕಿನದು. ಅಲ್ಲಿ ಅಟ್ಟದ ಮೇಲೊಂದು ಕಬ್ಬಿಣದ ಪೆಟ್ಟಿಗೆಯಿದೆ. ಒಳಗೆ ಬಿಳಿ ಸಮವಸ್ತ್ರದ ಹುಡುಗನೊಬ್ಬನ ಫೋಟೋ, ರಾಯಲ್ ಇಂಡಿಯನ್ ನೇವಿಯಿಂದ 1946ರಲ್ಲಿ ಬಿಡುಗಡೆಯಾದ ಕಾಗದ, ಮೂರು ಪದಕಗಳು. ಅವುಗಳಲ್ಲೊಂದು ಬರ್ಮಾ ಸ್ಟಾರ್. ಆ ಹುಡುಗ ಈಗಿನ ಯಜಮಾನರ ತಾತ. ಅವರು ತೀರಿಕೊಂಡು ಮೂವತ್ತು ವರ್ಷದ ಮೇಲಾಯಿತು.

ಎರಡನೆಯ ಮಹಾಯುದ್ಧದ ಆರಂಭದಲ್ಲಿ ಕೆಲವೇ ಹಡಗುಗಳಿದ್ದ ಆ ನೌಕಾದಳ ಯುದ್ಧ ಮುಗಿಯುವ ವೇಳೆಗೆ ಹಲವು ಪಟ್ಟು ಬೆಳೆದಿತ್ತು. 1942ರ ನವೆಂಬರ್ 11ರಂದು ಅದರ ‘ಬೆಂಗಾಲ್’ ಎಂಬ ಪುಟ್ಟ ಹಡಗು ಒಂದೇ ಚಿಕ್ಕ ಫಿರಂಗಿಯಿಂದ ಜಪಾನಿನ ಎರಡು ದೊಡ್ಡ ಹಡಗುಗಳನ್ನು ಎದುರಿಸಿತು. ಜೊತೆಗಿದ್ದುದು ಡಚ್ಚರ ಎಣ್ಣೆ ಹಡಗು ಮಾತ್ರ. ಆದರೂ ಜಪಾನಿನ ಹಡಗುಗಳಲ್ಲೊಂದು ಮುಳುಗಿತು. 1945ರಲ್ಲಿ ‘ನರ್ಬದಾ’, ‘ಜಮುನಾ’ ಹಡಗುಗಳು ಬರ್ಮಾದ ಅರಾಕಾನ್ ದಂಡೆಯಲ್ಲಿ ಸೈನ್ಯಕ್ಕೆ ನೆರವಾದವು. 1946ರ ಫೆಬ್ರುವರಿ 18ರಂದು ಮುಂಬಯಿಯ ‘ತಲ್ವಾರ್’ ಶಾಲೆಯ ನಾವಿಕರು ಕೆಟ್ಟ ಊಟ, ಕೆಟ್ಟ ನಡವಳಿಕೆಗಳ ವಿರುದ್ಧ ಆರಂಭಿಸಿದ ಮುಷ್ಕರ ಹಡಗಿನಿಂದ ಹಡಗಿಗೆ ಹಬ್ಬಿ ಬ್ರಿಟಿಷರನ್ನು ನಡುಗಿಸಿತು.

ಆ ತಾತ ಯಾವ ಹಡಗಿನಲ್ಲಿದ್ದರು? ಅರಾಕಾನಿನಲ್ಲಿ ಏನು ಕಂಡರು? 1946ರಲ್ಲಿ ಅವರು ಮನೆಗೆ ಬಂದದ್ದು ಯುದ್ಧ ಮುಗಿಯಿತೆಂದೋ, ಮುಷ್ಕರದಲ್ಲಿ ಸೇರಿದ್ದರೆಂದೋ? ಮನೆಯಲ್ಲಿ ಯಾರೂ ಹೇಳಲಾರರು. “ತಾತ ಹೇಳಲಿಲ್ಲ, ನಾವು ಕೇಳಲಿಲ್ಲ,” ಎಂದರು ಮೊಮ್ಮಗ. ನಲವತ್ತು ವರ್ಷ ಒಂದೇ ಜಗಲಿಯಲ್ಲಿ ಕೂತು ಅಡಿಕೆ ಸುಲಿದ ಮನುಷ್ಯ, ಲೋಕದ ದೊಡ್ಡ ಯುದ್ಧವೊಂದನ್ನು ಕಣ್ಣಾರೆ ಕಂಡವರು, ಅದನ್ನು ತಮ್ಮೊಡನೆಯೇ ಒಯ್ದರು.

ಮಾಡಬೇಕಾದುದೇನು?

1971ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರು ಈಗ ಎಪ್ಪತ್ತೈದರ ಸುತ್ತಮುತ್ತ ಇದ್ದಾರೆ. ಇನ್ನು ಹತ್ತು ವರ್ಷ ತಡೆದರೆ ಮೊದಲೆರಡು ಮನೆಗಳೂ ಮೂರನೆಯ ಮನೆಯಂತೆಯೇ ಆಗುತ್ತವೆ. ಆದುದರಿಂದ ಸದಸ್ಯರಲ್ಲಿ ನಮ್ಮ ಸೂಚನೆಗಳು ಹೀಗಿವೆ:

ಮನೆಯಲ್ಲಿ ಹಡಗಿನಲ್ಲಾಗಲಿ ಸೈನ್ಯದಲ್ಲಾಗಲಿ ದುಡಿದ ಹಿರಿಯರಿದ್ದರೆ, ‘ಯುದ್ಧ ಹೇಗಿತ್ತು’ ಎಂದು ಕೇಳಬೇಡಿ. ಅದಕ್ಕೆ ಉತ್ತರ ಬರುವುದಿಲ್ಲ. ಮಲಗುತ್ತಿದ್ದುದು ಎಲ್ಲಿ, ಉಣ್ಣುತ್ತಿದ್ದುದು ಏನು, ಪಕ್ಕದವರು ಯಾವ ಊರಿನವರು, ಮೊದಲ ಸಂಬಳದಲ್ಲಿ ಏನು ಮಾಡಿದಿರಿ ಎಂದು ಕೇಳಿ. ಒಂದರ ಹಿಂದೆ ಒಂದು ತಾನಾಗಿ ಬರುತ್ತದೆ. ಮೊಮ್ಮಕ್ಕಳ ಕೈಯಲ್ಲಿರುವ ಫೋನಿನಲ್ಲಿ ಮಾತನ್ನು ಹಿಡಿದಿಟ್ಟರೂ ಸರಿ, ನೋಟ್ ಪುಸ್ತಕದಲ್ಲಿ ಬರೆದರೂ ಸರಿ.

ಬಿಡುಗಡೆಯ ಕಾಗದ, ಪಿಂಚಣಿ ಪುಸ್ತಕ, ಪದಕಗಳನ್ನು ತೇವವಿಲ್ಲದ ಕಡೆ ಇಡಿ. ನಮ್ಮ ಮಲೆನಾಡಿನ ಮಳೆಗಾಲ ಕಾಗದಕ್ಕೆ ಶತ್ರು. ಪದಕದ ಹಿಂಬದಿಯಲ್ಲೋ ಅಂಚಿನಲ್ಲೋ ಹೆಸರು, ಸಂಖ್ಯೆ ಕೆತ್ತಿದ್ದರೆ ಬರೆದುಕೊಳ್ಳಿ. 1971ರ ಯುದ್ಧದವರಿಗೆ ಪಶ್ಚಿಮದಲ್ಲಿದ್ದರೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿದ್ದರೆ ಪೂರ್ವಿ ಸ್ಟಾರ್ ಕೊಟ್ಟಿದ್ದರು. ಇದೊಂದರಿಂದಲೇ ಯಾವ ಕಡಲೆಂದು ತಿಳಿಯುತ್ತದೆ. ಮಾಜಿ ಸೈನಿಕರ ಪತ್ನಿಯರು ದಾಖಲೆ ಸಾಲದೆ ಕುಟುಂಬ ಪಿಂಚಣಿಗಾಗಿ ಅಲೆಯುವುದನ್ನು ನಾವು ಕಂಡಿದ್ದೇವೆ. ಯಜಮಾನರು ಇರುವಾಗಲೇ ಹಾಸನದ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ ಹೆಸರು, ಜನ್ಮದಿನಾಂಕಗಳನ್ನು ಸರಿಪಡಿಸಿಕೊಳ್ಳುವುದು ಕ್ಷೇಮ.

ಇದೆಲ್ಲ ಮುಗಿದುಹೋದ ಕಾಲದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ವ್ಯಾಪಾರದ ಹಡಗುಗಳ ಮೇಲೆ ದಾಳಿಗಳಾದಾಗ, ಯೂರೋಪಿಗೆ ಹೋಗುವ ನಮ್ಮ ಕಾಫಿ ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋಗಬೇಕಾಯಿತು. ಸಾಗಣೆ ವೆಚ್ಚ ಏರಿತು, ಸರಕು ವಾರಗಟ್ಟಲೆ ತಡವಾಯಿತು. 2024ರ ಜನವರಿ 26ರಂದು ‘ಮಾರ್ಲಿನ್ ಲುವಾಂಡಾ’ ಎಂಬ ಎಣ್ಣೆ ಹಡಗಿಗೆ ಕ್ಷಿಪಣಿ ಬಡಿದು ಬೆಂಕಿ ಹತ್ತಿದಾಗ ಅದರಲ್ಲಿ 22 ಮಂದಿ ಭಾರತೀಯರಿದ್ದರು. ಬೆಂಕಿಯಾರಿಸಲು ಹೋದವರಲ್ಲಿ ನಮ್ಮ ಐ.ಎನ್.ಎಸ್. ವಿಶಾಖಪಟ್ಟಣದ ನಾವಿಕರೂ ಇದ್ದರು. ಕ್ಯೂರಿಂಗ್ ವರ್ಕ್ಸಿನಿಂದ ಹೊರಟ ನಮ್ಮ ಮೂಟೆ ಗಿರಾಕಿಯನ್ನು ತಲುಪುವವರೆಗೆ, ಯಾರ ಮಕ್ಕಳೋ ಹಡಗಿನ ಕೆಳಗೂ ಮೇಲೂ ಎಚ್ಚರವಾಗಿರುತ್ತಾರೆ.

ಸದಸ್ಯರ ಮನೆಗಳಲ್ಲಿ ಇಂತಹ ನೆನಪು, ಫೋಟೋ, ಕಾಗದಗಳಿದ್ದರೆ ಸಂಘದ ಕಚೇರಿಗೆ ತಿಳಿಸಿರಿ. ಬರೆಯಲು ಬಾರದಿದ್ದರೆ ನಾವೇ ಮನೆಗೆ ಬಂದು ಬರೆದುಕೊಳ್ಳುತ್ತೇವೆ. ಮುಂದಿನ ಸಂಚಿಕೆಗಳಲ್ಲಿ ಅವುಗಳಿಗೆ ಸ್ಥಳ ಕಾದಿರಿಸಲಾಗುವುದು. ಕೊಯ್ಲು ಹತ್ತಿರವಾಗುತ್ತಿದೆ. ಕಣದ ಕೆಲಸ ಹತ್ತಿಕೊಂಡರೆ ಯಾರಿಗೂ ಪುರಸತ್ತಿರದು. ಆದ್ದರಿಂದ ಈ ತಿಂಗಳಲ್ಲೇ ಒಂದು ಸಂಜೆ ಹಿರಿಯರ ಬಳಿ ಕೂರಿರೆಂದು ಕೋರುತ್ತೇವೆ.